ಕೆರೆಯವರ ಕ್ಲಬ್ಬು, ನಮ್ಮ ಬಾಯಿ

ಕೆರೆಯವರ ಯಜಮಾನರು ಬಂದು ನಮ್ಮ ಮನೆಯ ಗೇಟು ತಟ್ಟಿದ ಬೆಳಿಗ್ಗೆ ನಾನು ಅವರೆಕಾಯಿ ಸುಲಿಯುತ್ತಿದ್ದೆ. ಕೂತು ಸುಲಿಯುತ್ತಿದ್ದೆ ಎಂದುಕೊಳ್ಳಬೇಡಿ. ಪಾತ್ರೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ನಿಂತುಕೊಂಡೇ ನಾಲ್ಕು ಕಾಯಿ ಸುಲಿಯುವುದು, ಬಾಗಿಲವರೆಗೆ ಒಂದು ಸುತ್ತು ಹೋಗಿ ಬರುವುದು, ಮತ್ತೆ ನಾಲ್ಕು ಕಾಯಿ. ಇಪ್ಪತ್ತೆಂಟು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು ನಾನು. ನಿವೃತ್ತಿಯಾಗಿ ಎರಡು ವರ್ಷವಾಗಿದ್ದರೂ ಕುರ್ಚಿಯಲ್ಲಿ ಹತ್ತು ನಿಮಿಷ ಕೂತರೆ ಯಾವುದೋ ಸ್ಟಾಪ್ ತಪ್ಪಿಹೋಯಿತೇನೋ ಎಂದು ಜೀವ ಚಡಪಡಿಸುತ್ತದೆ. "ಮನೆಯೊಳಗೂ ಟ್ರಿಪ್ ಹೊಡೀತಾಳೆ" ಎಂದು ನಮ್ಮ ಮನೆಯವರು ನೆಂಟರ ಮುಂದೆಲ್ಲ ಹೇಳಿ ನಗುತ್ತಾರೆ.

ಗೇಟಿನಲ್ಲಿ ನಿಂತಿದ್ದವರನ್ನು ಕಂಡು ನನಗೆ ಮೊದಲು ಬಂದದ್ದು ಕೋಪ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಕೊಡೆ. ಎಪ್ಪತ್ತೇಳು ವರ್ಷದ ಆ ಮನುಷ್ಯ ಹನುಮಂತನಗರದ ನಮ್ಮ ರಸ್ತೆಗೆ ಎಂದೂ ಕಾಲಿಟ್ಟವರಲ್ಲ. ಅವರನ್ನು ನಾನು ನೋಡುತ್ತಿದ್ದದ್ದು ವರ್ಷಕ್ಕೆ ಎರಡೇ ಸಲ, ಮೈದಾನದ ಆಚೆ ಬದಿಯಲ್ಲಿ, ಎದೆಗೆ ತಮಟೆ ನೇತುಹಾಕಿಕೊಂಡಾಗ.

ವಿಷಯ ತಿಳಿಯದವರಿಗೆ ಹೇಳಬೇಕು. ನಮ್ಮ ಕಡೆ ಎರಡು ಫುಟ್‌ಬಾಲ್ ಕ್ಲಬ್ಬುಗಳು. ಒಂದು ನಮ್ಮದು, ಹನುಮಂತನಗರದ ಗುಡ್ಡದ ಕೆಳಗಿನ ಮೈದಾನದ್ದು. ಹಾಗಾಗಿ ನಾವು ಗುಡ್ಡದವರು. ಇನ್ನೊಂದು ಚಿಕ್ಕಲಸಂದ್ರದಲ್ಲಿ ಕೆರೆಯ ಪಕ್ಕದ ಮೈದಾನದ್ದು, ಅವರು ಕೆರೆಯವರು. ನಾವು ಬಹುಪಾಲು ಬಾಡಿಗೆ ಮನೆಯ ಸಂಬಳದ ಜನ. ಅವರು ಹಳೇ ಊರಿನವರು, ಒಂದು ಕಾಲಕ್ಕೆ ರಾಗಿ ಬೆಳೆದು ಈಗ ಅದೇ ನೆಲದ ಮೇಲೆ ಮೂರು ಮಹಡಿ ಕಟ್ಟಿ ಬಾಡಿಗೆಗೆ ಬಿಟ್ಟವರು. ನಮ್ಮ ಹುಡುಗರು ಅವರನ್ನು "ಸೈಟ್ ಪಾರ್ಟಿಗಳು" ಎನ್ನುತ್ತಿದ್ದರು, ಅವರು ನಮ್ಮನ್ನು "ಅಡ್ವಾನ್ಸ್ ಗಿರಾಕಿಗಳು" ಎನ್ನುತ್ತಿದ್ದರು. ನಮ್ಮಣ್ಣ ಗುಡ್ಡದ ಗೋಲ್‌ಕೀಪರ್ ಆಗಿದ್ದ. ಅವನ ಆಟ ನೋಡಲು ಹೋಗಿ ಹೋಗಿ ನನಗೆ ಹುಚ್ಚು ಹಿಡಿಯಿತು. ಅವನು ಆಟ ಬಿಟ್ಟ, ನಾನು ಮೈದಾನ ಬಿಡಲಿಲ್ಲ. ಭಾನುವಾರ ಮೊದಲ ಶಿಫ್ಟು ಹಾಕಿಸಿಕೊಂಡು ಖಾಕಿ ಬಟ್ಟೆಯಲ್ಲೇ ಗೆರೆಯ ಪಕ್ಕ ಬಂದು ನಿಲ್ಲುತ್ತಿದ್ದೆ.

ಇನ್ನು ನನ್ನ ಬಾಯಿಯ ವಿಷಯ. ಕೆರೆಯವರ ತಮಟೆಗೆ ಒಂದು ಗತ್ತಿತ್ತು. ಮೂರು ಸಲ ಜೋರಾಗಿ ಬಾರಿಸಿ, ಒಂದು ಉಸಿರಿನಷ್ಟು ಹೊತ್ತು ನಿಲ್ಲಿಸಿ, ಮತ್ತೆ ಶುರು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಆಟದಲ್ಲಿ, ಆ ತಮಟೆ ನಿಂತ ಕ್ಷಣಕ್ಕೆ ಸರಿಯಾಗಿ ಬಸ್ಸಿನ ದನಿಯಲ್ಲಿ ಕೂಗಿಬಿಟ್ಟೆ: "ಲಾಸ್ಟ್ ಸ್ಟಾಪ್! ಗಂಟು ಎತ್ಕೊಳ್ಳಿ! ಜಾಗ ಖಾಲಿ ಮಾಡಿ!" ನಮ್ಮವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದಿನ ಸಲ ತಮಟೆ ನಿಂತಾಗ ಹತ್ತು ಜನ ನನ್ನ ಜೊತೆ ಕೂಗಿದರು. ಆಮೇಲೆ ಇಡೀ ಗುಡ್ಡವೇ ಕೂಗತೊಡಗಿತು. ಹಾಗೆ ಮೂವತ್ತು ವರ್ಷ ನಡೆಯಿತು. ಅವರು ಬಾರಿಸುವುದು, ನಿಲ್ಲಿಸುವುದು, ಆ ಖಾಲಿ ಜಾಗಕ್ಕೆ ನಾವು ಬಾಯಿ ಹಾಕುವುದು. ನಮ್ಮ ಕೂಗಿಗೆ ಜಾಗ ಬಿಡಲೆಂದೇ ಅವರು ಆ ವಿರಾಮವನ್ನು ಒಂಚೂರು ಉದ್ದ ಮಾಡಿದ್ದರು ಎಂಬ ಅನುಮಾನ ನನಗಿದೆ. ಯಜಮಾನರು ಒಪ್ಪುವುದಿಲ್ಲ.

"ಒಳಕ್ಕೆ ಕರೀತೀರೋ, ಗೇಟಲ್ಲೇ ಬೈದು ಕಳಿಸ್ತೀರೋ?" ಎಂದರು.

"ಬನ್ನಿ ಯಜಮಾನ್ರೇ. ಕಾಫಿ ಕುಡಿದ ಮೇಲೆ ಬೈತೀನಿ" ಎಂದೆ.

ಅವರು ಕೂತರು, ನಾನು ನಿಂತೆ. ಲೋಟ ಕೈಗೆ ಕೊಟ್ಟರೂ ಅವರು ಕುಡಿಯಲಿಲ್ಲ. "ನಮ್ ಕ್ಲಬ್ ಹೊಂಟೋಯ್ತದೆ ಕಂಡಕ್ಟ್ರಮ್ಮ" ಎಂದರು. ಎಲ್ಲಿಗೆ ಎಂದು ಕೇಳಿದೆ. ದೇವನಹಳ್ಳಿಯಿಂದಾಚೆ ಎಂದರು.

ಕಥೆ ಹೀಗಿತ್ತು. ನಾಲ್ಕು ವರ್ಷದ ಹಿಂದೆ ಒಂದು ಕಂಪನಿ ಕೆರೆಯವರ ಕ್ಲಬ್ಬಿಗೆ ಸ್ಪಾನ್ಸರ್ ಆಗಿ ಬಂತು. ಹೊಸ ಜೆರ್ಸಿ, ಹೊಸ ಬೂಟು, ಕೇರಳದಿಂದ ಕೋಚು. ನಾವೆಲ್ಲ ಹೊಟ್ಟೆ ಉರಿದುಕೊಂಡಿದ್ದೆವು. ಆಗ ಸಂಘದ ಹುಡುಗರು ಸಹಿ ಹಾಕಿದ ಕಾಗದದಲ್ಲಿ ಕ್ಲಬ್ಬಿನ ಹಕ್ಕು ಕಂಪನಿಗೆ ಸೇರುತ್ತದೆ, ಆಡುವ ಜಾಗವನ್ನು ಕಂಪನಿ ಬದಲಾಯಿಸಬಹುದು ಎಂದು ಬರೆದಿತ್ತಂತೆ. ಯಾರೂ ಓದಿರಲಿಲ್ಲ. ಈಗ ಕಂಪನಿ ಅಲ್ಲೆಲ್ಲೋ ಹೊಸ ಬಡಾವಣೆ ಕಟ್ಟುತ್ತಿದೆ, ಅದರ ನಡುವೆ ಹುಲ್ಲುಹಾಸಿನ ಮೈದಾನ ಮಾಡಿದೆ, ಆ ಮೈದಾನಕ್ಕೊಂದು ಟೀಮು ಬೇಕಾಗಿದೆ. ಕೆರೆ ಪಕ್ಕದ ಮೈದಾನ ಇದ್ದಲ್ಲೇ ಇರುತ್ತದೆ, ಕ್ಲಬ್ಬು ಮಾತ್ರ ಹೋಗುತ್ತದೆ. ಬಸ್ಸಿನ ಬೋರ್ಡು ತಿರುಗಿಸಿ ಬೇರೆ ರೂಟಿಗೆ ಬಿಟ್ಟ ಹಾಗೆ.

"ಆ ಮೈದಾನ ನಮ್ಮಪ್ಪ ಹುಡುಗ್ರು ಆಡ್ಲಿ ಅಂತ ಬಿಟ್ಟಿದ್ದು. ನಮ್ ಎಮ್ಮೆ ಮೇಯ್ತಿದ್ ಜಾಗ" ಎಂದರು ಯಜಮಾನರು. "ಮಿಕ್ಕಿದ್ದೆಲ್ಲ ಮಾರ್ಕೊಂಡ್ವಿ. ನಾನೇ ಮಾರ್ದೆ, ಇನ್ನೊಬ್ರನ್ನ ಯಾಕ್ ಅನ್ಲಿ. ಉಳ್ದಿರೋದು ಇದೊಂದು."

ನಿಜ ಹೇಳುತ್ತೇನೆ. ಕೆರೆಯವರು ಹೋಗುತ್ತಾರೆ ಎಂದು ಕೇಳಿದಾಗ ನನಗೆ ಒಳಗೊಳಗೇ ಖುಷಿಯಾಯಿತು. ಹಿಂದಿನ ಮೂರು ಆಟಗಳಲ್ಲಿ ಅವರು ನಮ್ಮನ್ನು ಚೆನ್ನಾಗಿ ಬಡಿದಿದ್ದರು. ಪೀಡೆ ತೊಲಗಲಿ ಅನ್ನಿಸಿತು. ಆ ಮುದುಕ ನನ್ನ ಮುಖ ನೋಡಿಯೇ ಅದನ್ನು ಓದಿಕೊಂಡರೆಂದು ಕಾಣುತ್ತದೆ.

"ನಗಿ, ನಗಿ. ಆದ್ರೆ ನೀವು ನಮ್ ಜೊತೆ ಬಂದು ನಿಂತ್ಕೋಬೇಕು."

"ನಾವ್ಯಾಕೆ?"

"ನಮ್ದಕ್ಕೆ ನಾವು ಅತ್ಕೊಂಡ್ರೆ ಯಾರ್ ಕೇಳ್ತಾರೆ? ಮೂವತ್ ವರ್ಸ ಬೈದೋರೇ ಬಂದು ಕಳಿಸ್ಬ್ಯಾಡಿ ಅಂದ್ರೆ ಕೇಳ್ತಾರೆ."

ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಉತ್ತರಕ್ಕೂ ಕಾಯದೆ ಎದ್ದು ಹೋದರು. ಅವರು ಹೋದ ಮೇಲೆ ನನ್ನ ಕೈಗೆ ಅವರೆಕಾಯಿ ಹತ್ತಲಿಲ್ಲ. ಗುಡ್ಡದ ಮೆಟ್ಟಿಲು ಹತ್ತಿದೆ, ದೇವರಿಗೆ ಒಂದು ಕೈ ಮುಗಿದು ಇಳಿದೆ. ಬಸ್ಸು ಹತ್ತಿ ಬನಶಂಕರಿಗೆ ಹೋದೆ, ಅಲ್ಲಿ ಏನೂ ಕೆಲಸವಿರಲಿಲ್ಲ, ಅದೇ ಬಸ್ಸಿನಲ್ಲಿ ವಾಪಸು ಬಂದೆ. ಖುಷಿಯಾಗಿದ್ದರೆ ಹೀಗೆ ಆಗಬಾರದಿತ್ತು.

ಸಂಜೆ ಟೈಲರ್ ಅಂಗಡಿಗೆ ಹೋದೆ. ಗುಡ್ಡದ ಕಡೆಯ ಎಲ್ಲ ತೀರ್ಮಾನಗಳೂ ಆಗುವುದು ಅಲ್ಲೇ. ಟೈಲರ್ ನನಗಿಂತ ಹತ್ತು ವರ್ಷ ಚಿಕ್ಕವನು, ನಮ್ಮ ಬಾವುಟಗಳನ್ನೆಲ್ಲ ಹೊಲಿಯುವವನು. ಯಜಮಾನರು ಬಂದದ್ದನ್ನು ಹೇಳಿದೆ. ಅವನು ಮೆಷಿನ್ ನಿಲ್ಲಿಸಿದ.

"ಅವ್ರು ಹೋದ್ರೆ ನಾವು ಯಾರನ್ನಕ್ಕಾ ಬೈಯೋದು?"

"ಬೇರೆ ಟೀಮ್‌ಗಳಿಲ್ವಾ?"

"ಇದಾವೆ. ನಾವು ಬೈದ್ರೆ ಅವ್ರಿಗೆ ತಾಗಲ್ಲ."

ಬೆಳಗಿನಿಂದ ನನ್ನನ್ನು ಅಲೆಸಿದ್ದು ಏನು ಎಂದು ಆಗ ತಿಳಿಯಿತು. ಊರಲ್ಲಿ ನನ್ನ ದನಿ ಗುರುತು ಹಿಡಿಯುವವರು ಎಷ್ಟು ಜನ? ಬಸ್ಸಿನಲ್ಲಿ ಲಕ್ಷ ಜನಕ್ಕೆ ಟಿಕೆಟ್ ಹರಿದೆ, ಒಬ್ಬರಿಗೂ ನೆನಪಿರಲಾರದು. ಆಚೆ ಬದಿಯ ಆ ಇನ್ನೂರು ಜನಕ್ಕೆ ಮಾತ್ರ ಗೊತ್ತಿತ್ತು. ಅವರು ನನ್ನನ್ನು ಮೂವತ್ತು ವರ್ಷ ಕೇಳಿಸಿಕೊಂಡಿದ್ದರು.

ಒಪ್ಪಿದೆವು. ಒಪ್ಪಿದ್ದು ಸುಲಭ, ಕೂಡಿ ಕೆಲಸ ಮಾಡುವುದು ಯಮಯಾತನೆ. ಒಂದೇ ಬ್ಯಾನರ್ ಇರಲಿ, ಅರ್ಧ ಅವರ ನೀಲಿ, ಅರ್ಧ ನಮ್ಮ ಕೆಂಪು ಎಂದಾಯಿತು. ಯಾವುದು ಮೇಲೆ, ಯಾವುದು ಕೆಳಗೆ ಎಂದು ಎರಡು ದಿನ ಜಗಳ. ಅಕ್ಕಪಕ್ಕ ಹೊಲಿ ಎಂದೆ. ಬಲಗಡೆ ಯಾರದ್ದು ಎಂದು ಮತ್ತೆ ಒಂದು ದಿನ. ಕೊನೆಗೆ ಟೈಲರ್ ಸಿಟ್ಟಿನಿಂದ ಎರಡೂ ಬಣ್ಣದ ಪಟ್ಟಿಗಳನ್ನು ಪಾಯಿಜಾಮದ ಬಟ್ಟೆಯ ಹಾಗೆ ಒಂದರ ಪಕ್ಕ ಒಂದು ಹೊಲಿದುಬಿಟ್ಟ. ಅದು ಎಷ್ಟು ಕೆಟ್ಟದಾಗಿತ್ತೆಂದರೆ ಎರಡೂ ಕಡೆಯವರು ಮೊದಲ ಬಾರಿಗೆ ಒಂದೇ ಅಭಿಪ್ರಾಯಕ್ಕೆ ಬಂದರು.

ಪೊಲೀಸ್ ಠಾಣೆಯಲ್ಲಿ, ಪ್ರತಿಭಟನೆ ಅಂದರೆ ಫ್ರೀಡಂ ಪಾರ್ಕಿಗೆ ಹೋಗಿ ಎಂದರು. ಮೈದಾನದೊಳಗೆ ಸಭೆ ಎಂದು ಬರೆದುಕೊಟ್ಟರೆ ಎರಡು ಗಂಟೆ ಬಿಡುತ್ತೇವೆ, ಮೈಕ್ ಮಾತ್ರ ಇಡಬಾರದು ಎಂದರು. ಮೈಕ್ ಇಲ್ಲ ಎಂದ ಮೇಲೆ ಇರುವುದು ಎರಡೇ, ಯಜಮಾನರ ತಮಟೆ ಮತ್ತು ನನ್ನ ಗಂಟಲು. ಹೊಸ ಘೋಷಣೆಗಳನ್ನು ಬರೆದು ಹಂಚಿದೆವು. ತಮಟೆ ನಿಂತಾಗ ನಾನು "ಕ್ಲಬ್ಬು ಯಾರದ್ದು?" ಎನ್ನಬೇಕು, ಎಲ್ಲರೂ "ಕೆರೆಯೋರದ್ದು!" ಎನ್ನಬೇಕು. ಹಿಂದಿನ ದಿನ ಟೈಲರ್ ಅಂಗಡಿಯ ಮುಂದೆ ನಮ್ಮವರನ್ನೆಲ್ಲ ನಿಲ್ಲಿಸಿ ನಾನೇ ಎಚ್ಚರಿಸಿದೆ. "ನಾಳೆ ಯಾರೂ ಹಳೇದು ಕೂಗ್ಬಾರ್ದು. ಬಾಯಿ ತಪ್ಪಿ ಕೂಗಿದ್ರೋ, ಚರ್ಮ ಸುಲಿದ್ಬಿಡ್ತೀನಿ." ಎಲ್ಲರೂ ತಲೆಯಾಡಿಸಿದರು.

ಭಾನುವಾರ ಬೆಳಿಗ್ಗೆ ನಮ್ಮ ಕಡೆಯಿಂದ ನೂರಕ್ಕೂ ಹೆಚ್ಚು ಜನ ಬಂದಿದ್ದರು. ಕೆರೆ ಮೈದಾನಕ್ಕೆ ನಾವು ಯಾವತ್ತೂ ಹಿಂದಿನ ಸಣ್ಣ ಗೇಟಿನಿಂದ ನುಗ್ಗುತ್ತಿದ್ದವರು. ಅಂದು ಮುಂದಿನ ಗೇಟಿನಲ್ಲಿ ಅವರ ಮನೆಯ ಹೆಂಗಸರು ಪಾನಕ ಹಿಡಿದು ನಿಂತಿದ್ದರು. ಪಾನಕ ಕುಡಿಯಲು ನಮ್ಮ ಹುಡುಗರು ಹಿಂದೆ ಮುಂದೆ ನೋಡಿದರು. ಏನಾದರೂ ಬೆರೆಸಿದ್ದಾರೇನೋ ಎಂದು ಒಬ್ಬ ಪಿಸುಗುಟ್ಟಿದ. ನಾನು ಎರಡು ಲೋಟ ಕುಡಿದೆ. ಪೇಪರಿನವರು ಮೂರು ಜನ ಬಂದಿದ್ದರು. ಕಂಪನಿಯ ಮ್ಯಾನೇಜರ್ ಕೂಡ ಬಂದಿದ್ದ, ಇಸ್ತ್ರಿ ಅಂಗಿಯ ಮೃದು ಮಾತಿನ ಮನುಷ್ಯ. ಜೊತೆಯಲ್ಲಿ ಕ್ಯಾಮೆರಾ ಹಿಡಿದವನೊಬ್ಬ. "ನಮ್ಮ ರೆಕಾರ್ಡಿಗೆ ಮೇಡಂ, ಅಷ್ಟೇ" ಎಂದ. ಮಾಡಿಕೊಳ್ಳಿ ಎಂದೆ.

ಎರಡು ಕಡೆಯವರೂ ಒಂದೇ ಬದಿಯಲ್ಲಿ ನಿಂತಿದ್ದೆವು. ಅದೇ ತಪ್ಪಾಯಿತೋ ಏನೋ. ಮೂವತ್ತು ವರ್ಷದಲ್ಲಿ ಆ ತಮಟೆಯನ್ನು ನಾನು ಅಷ್ಟು ಹತ್ತಿರದಿಂದ ಕೇಳಿರಲೇ ಇಲ್ಲ. ನನ್ನ ಪಕ್ಕದಲ್ಲೇ ಯಜಮಾನರು ಕೋಲೆತ್ತಿದರು. ಒಂದು. ಎದೆಯೊಳಗೆ ಬಡಿದ ಹಾಗಾಯಿತು. ಎರಡು. ಮೈ ಬಿಸಿಯಾಯಿತು. ಮೂರು. ತಮಟೆ ನಿಂತಿತು. ನಾನು ಉಸಿರೆಳೆದುಕೊಂಡೆ, ಬಾಯಿ ತೆರೆದೆ, ಮತ್ತು ನನ್ನ ಬಾಯಿಂದ ಬಂದದ್ದು:

"ಲಾಸ್ಟ್ ಸ್ಟಾಪ್!"

ಅಷ್ಟಕ್ಕೇ ನಿಂತಿದ್ದರೆ ಹೇಗೋ ಆಗುತ್ತಿತ್ತು. ನನ್ನ ಹಿಂದಿನ ನೂರು ಗಂಟಲುಗಳು ಕಾಯಲಿಲ್ಲ. "ಗಂಟು ಎತ್ಕೊಳ್ಳಿ! ಜಾಗ ಖಾಲಿ ಮಾಡಿ!" ಗುಡ್ಡಕ್ಕೆ ಗುಡ್ಡವೇ ಕೂಗಿತು. ಟೈಲರ್ ಕೂಗಿದ. ಪಾನಕದ ಲೋಟ ಕೈಯಲ್ಲಿದ್ದವರೂ ಕೂಗಿದರು. ಅಷ್ಟೇ ಅಲ್ಲ, ಕೇಳಿ ಕೇಳಿ ಕಿವಿಗೆ ಕೂತುಹೋಗಿದ್ದರಿಂದ ಕೆರೆಯವರ ನಾಲ್ಕಾರು ಹುಡುಗರೂ ನಮ್ಮ ಜೊತೆಗೇ ಕೂಗಿಬಿಟ್ಟರು.

ಆಮೇಲೆ ಯಾರೋ ಕಿಸಕ್ಕೆಂದರು. ನಗು ಎರಡೂ ಕಡೆಗೆ ಹಬ್ಬಿತು, ಜನ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಯಜಮಾನರು ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಕ್ಯಾಮೆರಾದ ಕಡೆ ನೋಡಿದೆ. ಮ್ಯಾನೇಜರ್ ನಗುತ್ತಿರಲಿಲ್ಲ. ಕ್ಯಾಮೆರಾದವನ ಹೆಗಲು ತಟ್ಟಿ ಏನೋ ಹೇಳುತ್ತಿದ್ದ.

ಆಮೇಲೆ ಎರಡು ಗಂಟೆ ಸರಿಯಾದದ್ದನ್ನೇ ಕೂಗಿದೆವು. ಅದು ಯಾರಿಗೂ ಬೇಕಾಗಲಿಲ್ಲ.

ಲೀಗ್ ನಡೆಸುವ ಕಮಿಟಿ ಒಪ್ಪಿದರೆ ಮಾತ್ರ ಕ್ಲಬ್ಬು ಜಾಗ ಬದಲಾಯಿಸಬಹುದಿತ್ತು. ಮೂರು ವಾರದ ಮೇಲೆ ಜಯನಗರದ ಕಾಂಪ್ಲೆಕ್ಸ್ ಹತ್ತಿರದ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಅಹವಾಲು ಕೇಳಲು ಕರೆದರು. ಆ ಮೂರು ವಾರ ನಾನು ಮನೆಯಲ್ಲಿ ನಿಂತಲ್ಲಿ ನಿಲ್ಲಲಿಲ್ಲ. ರಾಗಿ ಮುದ್ದೆ ತಿರುವುತ್ತಾ ತಿರುವುತ್ತಾ ಕಮಿಟಿಗೆ ಉತ್ತರ ಹೇಳುತ್ತಿದ್ದೆ. ಸ್ನಾನದ ಮನೆಯಲ್ಲಿ ಹೇಳುತ್ತಿದ್ದೆ. "ಯಾರ್ ಜೊತೆ ಮಾತಾಡ್ತಿದ್ದೀಯ?" ಎಂದು ಮನೆಯವರು ಹೊರಗಿನಿಂದ ಕೇಳುತ್ತಿದ್ದರು.

ಕಮಿಟಿಯಲ್ಲಿ ಐದು ಜನ. ಮ್ಯಾನೇಜರ್ ಲ್ಯಾಪ್‌ಟಾಪ್ ತಿರುಗಿಸಿ ವೀಡಿಯೊ ಹಾಕಿದ. ಹದಿನೈದು ಸೆಕೆಂಡೂ ಇರಲಿಲ್ಲ. ತಮಟೆ, ನನ್ನ ಮುಖ, ನೂರಾರು ಜನರ ಕೂಗು. ನಗು ಶುರುವಾಗುವ ಮೊದಲೇ ಕತ್ತರಿಸಿದ್ದರು. "ಸರ್, ಇದು ಸ್ಥಳೀಯರ ಸ್ವಂತ ಮಾತು. ಕ್ಲಬ್ಬು ಇಲ್ಲಿಂದ ಹೋಗಲಿ ಅಂತ ಅವರೇ ಕೇಳ್ತಿದ್ದಾರೆ" ಎಂದ. ಮೃದುವಾಗಿಯೇ ಹೇಳಿದ.

ಅಧ್ಯಕ್ಷರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಅಮ್ಮಾ, ಇದು ನಿಮ್ಮ ದನೀನೇ ತಾನೇ?"

"ಹೌದು ಸಾರ್. ಆದ್ರೆ ಅದು ಹಾಗಲ್ಲ."

"ಮತ್ತೆ ಹೇಗೆ?"

ಮೂರು ವಾರ ಕಲಿತದ್ದೆಲ್ಲ ಮರೆತುಹೋಯಿತು. ತಮಟೆ ಮೂರು ಸಲ ಬಾರಿಸಿ ನಿಲ್ಲುತ್ತೆ ಸಾರ್, ನಿಂತಾಗ ನಾವು ಬೈಯಬೇಕು ಸಾರ್, ಮೊದಲಿಂದ ಹಾಗೇ ಸಾರ್ ಎಂದೆ. ಹೇಳುತ್ತಾ ಹೋದಂತೆ ಐದೂ ಮುಖಗಳಲ್ಲಿ ಕನಿಕರ ಕಾಣಿಸಿಕೊಂಡಿತು. ಅದನ್ನು ನೋಡಿ ನನಗೆ ತಲೆ ಕೆಟ್ಟಿತು. "ಸಾರ್, ಅವ್ರು ಹೋಗ್ಲಿ ಅಂತ ಮೂವತ್ತು ವರ್ಷ ಕೂಗಿದೀನಿ. ಅವ್ರು ಹೋಗಲ್ಲ ಅಂತ ಗೊತ್ತಿದ್ದಿದ್ದಕ್ಕೇ ಕೂಗಿದ್ದು. ನಿಜವಾಗ್ಲೂ ಹೋಗ್ತಾರೆ ಅಂತ ಗೊತ್ತಿದ್ರೆ ಯಾರಾದ್ರೂ ಕೂಗ್ತಾರಾ?" ಎಂದೆ. ದನಿ ಏರಿತ್ತು. ಪಕ್ಕದ ಕೋಣೆಯಿಂದ ಯಾರೋ ಇಣುಕಿ ನೋಡಿದರು. ಅಧ್ಯಕ್ಷರು ಬರೆದುಕೊಂಡರು. ಏನು ಬರೆದುಕೊಂಡರೋ ಕಾಣಲಿಲ್ಲ.

ಹತ್ತು ದಿನಕ್ಕೆ ಕಾಗದ ಬಂತು. ಕಂಪನಿ ಕೇಳಿದ್ದಕ್ಕೆ ಒಪ್ಪಿಗೆ.

ನಾನು ಚಿಕ್ಕಲಸಂದ್ರಕ್ಕೆ ಹೋಗಿ ಯಜಮಾನರ ಮನೆಯ ಜಗಲಿಯ ಮುಂದೆ ನಿಂತೆ. ಕ್ಷಮೆ ಕೇಳುವುದು ನನಗೆ ಅಭ್ಯಾಸವಿಲ್ಲದ ಕೆಲಸ. "ನನ್ನ ಬಾಯಿಂದ ಹಾಳಾಯ್ತು ಯಜಮಾನ್ರೇ" ಎಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂತು, ಬಂದದ್ದಕ್ಕೆ ಸಿಟ್ಟೂ ಬಂತು.

"ವೀಡಿಯೊ ಇಲ್ದಿದ್ರೂ ಹೋಗೋರೇ. ಸಯ್ನ್ ಹಾಕಿದ್ದು ನಮ್ಮೋರು, ನೀವಲ್ಲ" ಎಂದರು ಅವರು. ಅದು ನಿಜವೋ, ನನ್ನ ಸಮಾಧಾನಕ್ಕೆ ಹೇಳಿದ್ದೋ, ನನಗೆ ಈವರೆಗೂ ತಿಳಿದಿಲ್ಲ. ಕೆಲವು ದಿನ ನಿಜ ಅನ್ನಿಸುತ್ತದೆ. ಕೆಲವು ದಿನ ಬಸ್ಸಿನಲ್ಲಿ ಯಾರಾದರೂ ಜೋರಾಗಿ ಮಾತಾಡಿದರೆ ಆ ವೀಡಿಯೊ ನೆನಪಾಗಿ ಮುಂದಿನ ಸ್ಟಾಪಿನಲ್ಲೇ ಇಳಿದುಬಿಡುತ್ತೇನೆ.

ಕ್ಲಬ್ಬಿನ ಹೆಸರು, ನೀಲಿ ಬಣ್ಣ, ಗೆದ್ದ ಕಪ್‌ಗಳು, ಲೀಗಿನ ಎ ಡಿವಿಷನ್ನಿನ ಜಾಗ, ಎಲ್ಲವೂ ದೇವನಹಳ್ಳಿಯಾಚೆಗೆ ಹೋದವು. ಕೆರೆಯವರು ಸುಮ್ಮನೆ ಕೂರಲಿಲ್ಲ. ಅದೇ ಮೈದಾನದಲ್ಲಿ ಊರ ಹುಡುಗರನ್ನು ಸೇರಿಸಿ ಹೊಸ ಟೀಮು ಕಟ್ಟಿದರು. ಹೊಸ ಟೀಮು ಅಂದರೆ ಎಲ್ಲಕ್ಕಿಂತ ಕೆಳಗಿನ ಸಿ ಡಿವಿಷನ್ನಿನಿಂದ ಶುರು. ನಾವಿದ್ದದ್ದು ಎ. ನಡುವೆ ಬಿ. ಅವರು ಸಿ ಗೆದ್ದು, ಬಿ ಗೆದ್ದು, ಆಮೇಲೆ ನಮಗೆ ಎದುರಾಗಬೇಕು. ಎಲ್ಲ ನೆಟ್ಟಗೆ ನಡೆದರೂ ಎರಡು ವರ್ಷ. ಆ ಮಳೆಗಾಲದಲ್ಲಿ ಯಜಮಾನರಿಗೆ ಎದೆ ನೋವು ಬಂದು ಸ್ಟೆಂಟ್ ಹಾಕಿಸಿದರು. ನೋಡಲು ಹೋದಾಗ, "ಇನ್ನೊಂದ್ ಸಲ ನಿಮ್ಮನ್ನ ಸೋಲ್ಸಿ ಹೋಯ್ತೀನಿ. ಅದೊಂದ್ ಬಾಕಿ ಐತೆ" ಎಂದರು. ಹೆಂಡತಿ ಅವರ ಬಾಯಿ ಮುಚ್ಚಿಸಿದರು.

ಆ ಸೀಸನ್ನಿನಲ್ಲಿ ಕೆರೆಯವರ ಹೊಸ ಹುಡುಗರು ಸಿ ಡಿವಿಷನ್ನನ್ನು ಸಲೀಸಾಗಿ ಗೆದ್ದರು. ನಾನು ಅವರ ನಾಲ್ಕು ಆಟಗಳಿಗೆ ಹೋಗಿದ್ದೆ, ಮೂಲೆಯಲ್ಲಿ ನಿಂತು ನೋಡಿ ಬರುತ್ತಿದ್ದೆ. ನಮ್ಮದು ಮಾತ್ರ ಇಳಿಮುಖ. ಇಬ್ಬರು ಒಳ್ಳೆಯ ಹುಡುಗರು ಬೇರೆ ಕಡೆ ಹೋಗಿದ್ದರು, ಇನ್ನೊಬ್ಬನಿಗೆ ಮಂಡಿ ಏಟು. ಕೊನೆಯ ಆಟಕ್ಕೆ ಬರುವಷ್ಟರಲ್ಲಿ ಲೆಕ್ಕ ಸರಳವಾಗಿತ್ತು. ಡ್ರಾ ಆದರೂ ಸಾಕು, ನಾವು ಎ ಡಿವಿಷನ್ನಿನಲ್ಲಿ ಉಳಿಯುತ್ತೇವೆ. ಸೋತರೆ ಬಿ ಗೆ ಬೀಳುತ್ತೇವೆ.

ಹಿಂದಿನ ದಿನವೆಲ್ಲ ನನ್ನ ತಲೆಯಲ್ಲಿ ಒಂದೇ ಯೋಚನೆ ತಿರುಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ, ಟೈಲರನಿಗೂ ಹೇಳಿರಲಿಲ್ಲ. ನಾವು ಬಿ ಗೆ ಬಿದ್ದರೆ, ಬಿ ಗೆ ಹತ್ತಿ ಬಂದ ಕೆರೆಯವರು ಅಲ್ಲೇ ಸಿಗುತ್ತಾರೆ. ಅವರು ಬಿ ಗೆಲ್ಲುವವರೆಗೆ ಇನ್ನೊಂದು ವರ್ಷ ಕಾಯಬೇಕಾಗಿಲ್ಲ. ಮುಂದಿನ ಸೀಸನ್ನಿಗೇ ಸಿಗುತ್ತಾರೆ. ಆ ಮುದುಕರು ಇರುವಾಗಲೇ ಸಿಗುತ್ತಾರೆ.

ಆಟ ನಮ್ಮ ಮೈದಾನದಲ್ಲೇ. ಎಂದಿನ ಹಾಗೆ ಗೆರೆಯ ಪಕ್ಕ ಅತ್ತಿಂದಿತ್ತ ಓಡಾಡಿದೆ, ಆದರೆ ಬಾಯಿ ಬಿಡಲಿಲ್ಲ. ಟೈಲರ್ ಎರಡು ಸಲ ಬಂದು "ಗಂಟ್ಲು ಕೆಟ್ಟಿದ್ಯಾ ಅಕ್ಕ?" ಎಂದು ಕೇಳಿದ. ಹೂಂ ಎಂದೆ. ನಾನು ಕೂಗದೆ ಇದ್ದುದರಿಂದ ಉಳಿದವರೂ ಅಲ್ಲೊಂದು ಇಲ್ಲೊಂದು ಕೂಗಿ ಸುಮ್ಮನಾದರು. ಅರ್ಧ ಆಟ ಮುಗಿಯಿತು, ಎರಡು ಕಡೆಯೂ ಸೊನ್ನೆ. ಎದುರಾಳಿಗಳು ಮೇಲೆ ಮೇಲೆ ಬರುತ್ತಿದ್ದರು. ನಮ್ಮ ಹುಡುಗರು ಸುಸ್ತಾಗಿ ಗೆರೆಯ ಕಡೆ, ನನ್ನ ಕಡೆ ನೋಡುತ್ತಿದ್ದರು. ನಾನು ಮುಖ ತಿರುಗಿಸಿಕೊಂಡೆ. ಒಂದು ಗೋಲು ಬಿದ್ದರೆ ಸಾಕು ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ನಮ್ಮ ಮೇಲೆ ಬೀಳಲಿ ಎಂದೇ ಹೇಳಿಕೊಳ್ಳುತ್ತಿದ್ದೆ. ನಮ್ಮಣ್ಣ ನಿಲ್ಲುತ್ತಿದ್ದ ಅದೇ ಗೋಲಿನೊಳಗೆ.

ಆಟ ಮುಗಿಯಲು ಇಪ್ಪತ್ತೈದು ನಿಮಿಷ ಇರುವಾಗ ಯಜಮಾನರು ಬಂದರು. ಬರಿಗೈಯಲ್ಲಿದ್ದರು. ಆಟೋದಿಂದ ಇಳಿದು, ಯಾವಾಗಲೂ ನಿಲ್ಲುತ್ತಿದ್ದ ಆಚೆ ಬದಿಗೆ ಹೋಗದೆ, ನಿಧಾನವಾಗಿ ಗೆರೆ ಹಿಡಿದು ನಡೆದು ನನ್ನ ಪಕ್ಕಕ್ಕೆ ಬಂದು ನಿಂತರು. ಸ್ವಲ್ಪ ಹೊತ್ತು ಆಟ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಯಾಕ್ ಸುಮ್ಕಿದ್ದೀರಿ?"

"ಗಂಟಲು ಸರಿಯಿಲ್ಲ."

"ಸುಳ್."

ಆ ಮುದುಕ ಮತ್ತೆ ನನ್ನ ಮುಖ ಓದಿದರು. ಓದುತ್ತಿದ್ದಂತೆ ಅವರ ಮುಖಕ್ಕೆ ರಕ್ತ ಏರಿತು. ಅಷ್ಟು ವರ್ಷ ಬೈದಾಗಲೂ, ಕ್ಲಬ್ಬು ಕಳೆದುಕೊಂಡಾಗಲೂ ಅವರಿಗೆ ನನ್ನ ಮೇಲೆ ಕೋಪ ಬಂದದ್ದನ್ನು ನಾನು ನೋಡಿರಲಿಲ್ಲ.

"ಬಿದ್ದೋಗ್ಲಿ ಅಂತ ನಿಂತಿದ್ದೀಯಾ? ನಮಗೋಸ್ಕರ?" ಎಂದರು. ಮೊದಲ ಸಲ ಏಕವಚನದಲ್ಲಿ ಮಾತಾಡಿಸಿದ್ದರು. "ಬಿದ್ದಿರೋರ್ನ ಸೋಲ್ಸಿ ನಾನೇನ್ ಮಾಡ್ಲಿ? ನಮ್ ಹುಡುಗ್ರು ಹತ್ಕೊಂಡ್ ಬತ್ತಾವ್ರೆ. ಬರೋವರ್ಗೂ ನೀವು ಮೇಲಿರ್ಬೇಕು ಕಣಮ್ಮ. ಇಲ್ದಿದ್ರೆ ಹತ್ತೋದಾದ್ರೂ ಯಾತಕ್ಕೆ?"

"ನಿಮಗೆ ಹುಷಾರಿಲ್ಲ ಯಜಮಾನ್ರೇ. ಇನ್ನೊಂದು ವರ್ಷ..."

"ನನ್ ವರ್ಸ ನಾನ್ ನೋಡ್ಕೊಂತೀನಿ. ನೀನು ಕೂಗು."

ಆಗಲೇ ಎದುರಾಳಿಗಳಿಗೆ ಕಾರ್ನರ್ ಸಿಕ್ಕಿತ್ತು. ಎಲ್ಲರೂ ನಮ್ಮ ಗೋಲಿನ ಮುಂದೆ ಸೇರಿದ್ದರು. ನಮ್ಮ ಗೋಲ್‌ಕೀಪರ್ ಹತ್ತೊಂಬತ್ತರ ಹುಡುಗ, ಕೈಗವಸನ್ನು ಮತ್ತೆ ಮತ್ತೆ ಚಡ್ಡಿಗೆ ಒರೆಸಿಕೊಳ್ಳುತ್ತಿದ್ದ. ನಾನು ಬಾಯಿ ತೆರೆದೆ. ಮೊದಲು ಗೊರಗೊರ ಎಂದು ಏನೋ ಹೊರಟಿತು. ಎರಡನೇ ಸಲಕ್ಕೆ ದನಿ ಬಂತು, ಅವನ ಹೆಸರು ಹಿಡಿದು ಕೂಗಿದೆ. ಅವನು ತಿರುಗಿ ನೋಡಿದ. ಟೈಲರ್ ಓಡಿ ಬಂದು ಸೇರಿಕೊಂಡ, ಆಮೇಲೆ ಇಡೀ ಬದಿಯೇ ಎದ್ದಿತು. ಪಕ್ಕದಲ್ಲಿ ಒಂದು ಸಣ್ಣ ಮುದಿ ದನಿ ಕೇಳಿಸಿತು. ಯಜಮಾನರು ಎದೆಯ ಮೇಲೆ ಕೈಯಿಟ್ಟುಕೊಂಡು ಗುಡ್ಡದ ಹುಡುಗನ ಹೆಸರು ಕೂಗುತ್ತಿದ್ದರು.

ನಾನು ಒಂದು ಕೈಯಿಂದ ಅವರ ತೋಳು ಹಿಡಿದುಕೊಂಡೆ. ಇನ್ನೂ ಹತ್ತೊಂಬತ್ತು ನಿಮಿಷ ಬಾಕಿಯಿತ್ತು. ಹತ್ತೊಂಬತ್ತು ನಿಮಿಷವೂ ಇಬ್ಬರೂ ಕೂಗಿದೆವು. ಗೋಲು ಬೀಳಲಿಲ್ಲ. ನಾವು ಎ ಡಿವಿಷನ್ನಿನಲ್ಲೇ ಉಳಿದುಕೊಂಡೆವು.